ಭತ್ತದ ಕೊಳವೆ ಹುಳು

ಭತ್ತದ ಕೊಳವೆ ಹುಳು ನೀರು ನಿಂತ ಗದ್ದೆಗಳಲ್ಲಿ ಮತ್ತು ಜೌಗು ನೆಲದ ಹುಲ್ಲುಗಳಲ್ಲಿ ಬೆಳೆಯುವ ಒಂದು ಸಣ್ಣ ಬಿಳಿ ಪತಂಗದ ಮರಿಹುಳು. ಇದರ ವೈಜ್ಞಾನಿಕ ಹೆಸರು ಪ್ಯಾರಾಪೊಯಿಂಕ್ಸ್ ಸ್ಟ್ಯಾಗ್ನಾಲಿಸ್. ಪತಂಗಗಳ ಮರಿಹುಳುಗಳಲ್ಲಿ ಬಹುಪಾಲು ನೆಲದ ಸಸ್ಯಗಳ ಮೇಲೆ ಬದುಕುತ್ತವೆ. ಕಿವಿರುಗಳ ಮೂಲಕ ನೀರಿನಲ್ಲೇ ಉಸಿರಾಡುವ ಕೆಲವೇ ಪ್ರಭೇದಗಳಲ್ಲಿ ಇದು ಒಂದು. ಭಾರತವೂ ಸೇರಿದಂತೆ ಏಷ್ಯಾದ ಭತ್ತದ ಸೀಮೆಗಳಲ್ಲಿ ಮತ್ತು ಆಫ್ರಿಕಾದಲ್ಲಿ ಕಂಡುಬರುತ್ತದೆ.

ಆವಾಸ

ಭತ್ತದ ಗದ್ದೆಯೂ ಒಂದು ಜೌಗು ಪ್ರದೇಶವೇ. ರಾಮ್ಸಾರ್ ಒಪ್ಪಂದವು ಗದ್ದೆಗಳನ್ನು ಮಾನವನಿರ್ಮಿತ ಜೌಗು ಪ್ರದೇಶಗಳ ಸಾಲಿನಲ್ಲಿ ಸೇರಿಸಿದ್ದು, 2008ರಲ್ಲಿ ದಕ್ಷಿಣ ಕೊರಿಯಾದ ಚಾಂಗ್‌ವೊನ್‌ನಲ್ಲಿ ನಡೆದ ಸಮಾವೇಶದಲ್ಲಿ ಅಲ್ಲಿನ ಜೀವವೈವಿಧ್ಯದ ಕುರಿತು ಪ್ರತ್ಯೇಕ ನಿರ್ಣಯವನ್ನು ಅಂಗೀಕರಿಸಿತು. ಬೆಳಗಾವಿಯಿಂದ ದೇಸೂರದ ಮೂಲಕ ಖಾನಾಪುರಕ್ಕೆ ಸಾಗುವ ರೈಲು ಮಾರ್ಗದ ಸೀಮೆಯು ಮಳೆಗಾಲದಲ್ಲಿ ಇಂತಹ ನೆಲವಾಗುತ್ತದೆ. ಮಲಪ್ರಭೆಯು ಹುಟ್ಟುವ ಕಣಕುಂಬಿ ಇರುವುದು ಖಾನಾಪುರ ತಾಲ್ಲೂಕಿನಲ್ಲೇ. ಪಶ್ಚಿಮಕ್ಕೆ ಹೋದಷ್ಟೂ ಮಳೆ ಹೆಚ್ಚು, ಗದ್ದೆಗಳಲ್ಲಿ ನೀರು ನಿಲ್ಲುವ ದಿನಗಳೂ ಹೆಚ್ಚು. ಈ ಭಾಗದಲ್ಲಿ ನಾಟಿಯ ಜೊತೆಗೆ ಕೂರಿಗೆಯಿಂದ ಭತ್ತ ಬಿತ್ತುವ ರೂಢಿಯೂ ಇದೆ. ಕೂರಿಗೆ ಬಿತ್ತನೆಯ ಹೊಲದಲ್ಲಿ ನೀರು ನಿಲ್ಲುವವರೆಗೆ ಈ ಹುಳುವಿಗೆ ಬದುಕಿಲ್ಲ.

ಹೆಸರು

ಜರ್ಮನಿಯ ಕೀಟಶಾಸ್ತ್ರಜ್ಞ ಫಿಲಿಪ್ ಕ್ರಿಸ್ಟೋಫ್ ಜೆಲ್ಲರ್ 1852ರಲ್ಲಿ ಈ ಪ್ರಭೇದವನ್ನು ವಿವರಿಸಿದನು. ಹಳೆಯ ಕೃಷಿ ಪುಸ್ತಕಗಳಲ್ಲಿ ಇದು ನಿಂಫುಲಾ ಡಿಪಂಕ್ಟಾಲಿಸ್ ಎಂಬ ಹೆಸರಿನಲ್ಲಿ ಬರುತ್ತದೆ. ಎರಡೂ ಒಂದೇ ಕೀಟ.

ಆಡುಮಾತಿನ ಹೆಸರುಗಳು ಇದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುತ್ತವೆ. ಕನ್ನಡದಲ್ಲಿ ‘ಎಲೆ ಸುರುಳಿ ಹುಳು’ ಎಂದರೆ ಗರಿಯನ್ನು ಉದ್ದಕ್ಕೆ ಮಡಿಸಿ ಗಿಡದಲ್ಲೇ ಉಳಿಯುವ ಬೇರೊಂದು ಪತಂಗದ ಮರಿಹುಳು. ಮರಾಠಿಯಲ್ಲಿ ‘ಸುರಳೀತೀಲ ಅಳಿ’ ಎಂದರೆ ಕೊಳವೆ ಹುಳು. ಎರಡೂ ಭಾಷೆ ಆಡುವ ಬೆಳಗಾವಿ-ಖಾನಾಪುರ ಸೀಮೆಯಲ್ಲಿ ‘ಸುರುಳಿ’ ಎಂಬ ಮಾತನ್ನಷ್ಟೇ ಕೇಳಿ ಹುಳು ಯಾವುದೆಂದು ನಿರ್ಧರಿಸಲಾಗದು.

ಗುರುತಿಸುವಿಕೆ

ಮೊದಲ ಗುರುತು ಕೊಳವೆ. ಮರಿಹುಳು ಗರಿಯ ತುದಿಯನ್ನು ಕತ್ತರಿಸಿ, ಅದನ್ನು ಸುರುಳಿ ಸುತ್ತಿ, ಒಳಗೆ ರೇಷ್ಮೆಯ ಎಳೆಯಿಂದ ಬಿಗಿದು ಕೊಳವೆ ಮಾಡಿಕೊಳ್ಳುತ್ತದೆ. ಕೊಳವೆಯೊಳಗೆ ನೀರಿನ ತೇವ ಉಳಿದಿರುತ್ತದೆ. ಹುಳು ಅದರೊಂದಿಗೆ ನೀರಿನ ಮೇಲೆ ತೇಲುತ್ತದೆ. ಮೇಯಲು ಕೊಳವೆಯನ್ನು ಹೊತ್ತುಕೊಂಡೇ ಗಿಡ ಹತ್ತುತ್ತದೆ. ಗಾಳಿ ಬೀಸಿದ ಕಡೆಯ ಬದುವಿನಂಚಿನಲ್ಲಿ ಹಸಿರು ಅಥವಾ ಒಣಗಿದ ಕೊಳವೆಗಳು ಗುಂಪುಗೂಡಿರುವುದು ಸಾಮಾನ್ಯ ನೋಟ.

ಕೊಳವೆಯನ್ನು ಮೆಲ್ಲಗೆ ಬಿಡಿಸಿ ಹುಳುವನ್ನು ಬಿಳಿ ತಟ್ಟೆಯ ನೀರಿಗೆ ಬಿಟ್ಟರೆ ಉಳಿದ ಗುರುತುಗಳು ಕಾಣುತ್ತವೆ. ಮೈ ತಿಳಿ ಹಸಿರು, ಅರೆಪಾರದರ್ಶಕ. ತಲೆ ಕಂದು ಅಥವಾ ಕಿತ್ತಳೆ ಛಾಯೆಯದು. ಪಕ್ಕಗಳಲ್ಲಿ ಸಾಲಾಗಿ ಬಿಳಿಯ ಎಳೆಗಳಿರುತ್ತವೆ. ಇವು ಕೂದಲಲ್ಲ, ಕಿವಿರುಗಳು. ನೀರಿನಿಂದ ಹೊರತೆಗೆದರೆ ಮೈಗೆ ಅಂಟಿಕೊಂಡು ಕಾಣದಂತಾಗುವುದರಿಂದ ಕೈಯಲ್ಲಿ ಹಿಡಿದು ನೋಡುವುದು ಸಾಲದು.

ನೀರಿನಲ್ಲಿ ಕೊಳವೆ ಕಟ್ಟುವುದು ಇದೊಂದೇ ಅಲ್ಲ. ಕ್ಯಾಡಿಸ್ ನೊಣದ ಮರಿಯೂ ಮರಳು, ಕಡ್ಡಿ, ಎಲೆಚೂರುಗಳಿಂದ ಗೂಡು ಕಟ್ಟುತ್ತದೆ, ಅದಕ್ಕೂ ಕಿವಿರುಗಳಿರಬಹುದು. ವ್ಯತ್ಯಾಸವಿರುವುದು ಕಾಲುಗಳಲ್ಲಿ. ಪತಂಗದ ಮರಿಹುಳುವಿಗೆ ಎದೆಯ ಮೂರು ಜೊತೆ ಕಾಲುಗಳಲ್ಲದೆ ಹೊಟ್ಟೆಯ ಕೆಳಗೆ ಮೊಂಡಾದ ಹುಸಿಗಾಲುಗಳೂ ಇರುತ್ತವೆ. ಕ್ಯಾಡಿಸ್ ಮರಿಗೆ ಮೈಯ ತುದಿಯಲ್ಲಿ ಕೊಕ್ಕೆಯುಳ್ಳ ಒಂದು ಜೊತೆ ಮಾತ್ರ. ಎಲೋಫಿಲಾ ಕುಲದ ಪತಂಗಗಳ ಮರಿಗಳು ತೇಲುವ ಜಲಸಸ್ಯಗಳ ತುಣುಕುಗಳನ್ನು ಸೇರಿಸಿ ಚಪ್ಪಟೆ ಗೂಡು ಮಾಡುತ್ತವೆ, ಅವುಗಳಿಗೆ ಎಳೆಯಂತಹ ಕಿವಿರುಗಳಿಲ್ಲ. ಆದರೆ ಪ್ಯಾರಾಪೊಯಿಂಕ್ಸ್ ಕುಲದ ಇತರ ಪ್ರಭೇದಗಳಿಗೂ ಕಿವಿರುಗಳಿವೆ. ಆದ್ದರಿಂದ ಭತ್ತವಿಲ್ಲದ ಕೆರೆಯಲ್ಲಿ ಸಿಕ್ಕ ಹುಳುವನ್ನು ಕಿವಿರು ನೋಡಿದ ಮಾತ್ರಕ್ಕೆ ಈ ಪ್ರಭೇದವೆಂದು ಹೇಳಲಾಗದು. ಅದು ತಿನ್ನುತ್ತಿದ್ದ ಸಸ್ಯವನ್ನೂ ಬರೆದಿಟ್ಟು, ಸಾಧ್ಯವಾದರೆ ನೀರು ಮತ್ತು ಅದೇ ಸಸ್ಯದೊಂದಿಗೆ ಗಾಜಿನ ಪಾತ್ರೆಯಲ್ಲಿ ಸಾಕಿ, ಹೊರಬರುವ ಪತಂಗವನ್ನು ನೋಡಬೇಕು.

ಜೀವನಚಕ್ರ

ಪತಂಗವು ರಾತ್ರಿ ಸಂಚಾರಿ, ದೀಪಕ್ಕೆ ಬರುತ್ತದೆ. ಬಿಳಿ ರೆಕ್ಕೆಗಳ ಮೇಲೆ ಕಂದು ಬಣ್ಣದ ಸಣ್ಣ ಚುಕ್ಕೆಗಳಿರುತ್ತವೆ. ಹೆಣ್ಣು ನೀರಿಗೆ ತಾಗಿದ ಗರಿಗಳ ಕೆಳಭಾಗದಲ್ಲಿ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಹೊರಬಂದ ಮರಿ ಮೊದಲು ಗರಿಯನ್ನು ಕೆರೆದು ತಿಂದು, ಎರಡು ಮೂರು ದಿನಗಳ ಬಳಿಕ ಕೊಳವೆ ಮಾಡಿಕೊಳ್ಳುತ್ತದೆ. ಬೆಳೆದಂತೆ ಹೊಸ ಕೊಳವೆ ಬೇಕಾಗುತ್ತದೆ. ಕೊನೆಗೆ ಕೊಳವೆಯನ್ನು ಬುಡಕ್ಕೆ ಅಂಟಿಸಿ ಅದರೊಳಗೇ ಕೋಶವಾಗುತ್ತದೆ.

ಹಾನಿ ಮತ್ತು ನಿರ್ವಹಣೆ

ಹುಳು ಗರಿಯ ಹಸಿರನ್ನು ಕೆರೆದು ತಿಂದಾಗ ಬಿಳಿಯ ಪೊರೆ ಏಣಿಯ ಮೆಟ್ಟಿಲುಗಳಂತೆ ಉಳಿಯುತ್ತದೆ. ಕತ್ತರಿಯಿಂದ ಕತ್ತರಿಸಿದಂತಹ ಗರಿಯ ತುದಿಗಳೂ ಇದರದೇ ಗುರುತು. ಪೀಡೆ ನಾಟಿಯ ನಂತರದ ಎಳೆಯ ಬೆಳೆಯಲ್ಲಿ ಹೆಚ್ಚು, ತೆಂಡೆ ಒಡೆದ ಮೇಲೆ ಕಡಿಮೆ. ಎಳೆಯ ಪೈರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಕೊಯ್ಲು ಕೆಲವು ದಿನ ತಡವಾಗಬಹುದು.

ಗುರುತಿಸುವಲ್ಲಿ ತಪ್ಪಿದರೆ ನಷ್ಟವಾಗುವುದು ಇಲ್ಲಿಯೇ. ಕೊಳವೆ ಹುಳು ನೀರಿಲ್ಲದೆ ಬದುಕಲಾರದು. ಎರಡು ಮೂರು ದಿನ ಗದ್ದೆಯ ನೀರು ಬಸಿದರೆ ಹತೋಟಿಗೆ ಬರುತ್ತದೆ. ಎಳೆಯ ಭತ್ತವನ್ನೇ ಮೇಯುವ ಸೈನಿಕ ಹುಳುವಿಗೆ ಇದಕ್ಕೆ ಪೂರ್ತಿ ವಿರುದ್ಧವಾದ ಕ್ರಮವಿದೆ: ಸಸಿಮಡಿಗೆ ನೀರು ತುಂಬಿ, ಅಡಗಿದ ಹುಳುಗಳನ್ನು ಮೇಲೆಬ್ಬಿಸಿ ಹಕ್ಕಿಗಳಿಗೆ ಸಿಗುವಂತೆ ಮಾಡುವುದು. ಕೊಳವೆ ಹುಳುವಿರುವ ಮಡಿಗೆ ನೀರು ತುಂಬಿದರೆ ಅದಕ್ಕೆ ಬೇಕಾದ ನೆಲೆಯನ್ನೇ ಒದಗಿಸಿದಂತಾಗುತ್ತದೆ. ಕತ್ತರಿಸಿದ ಗರಿ ಎರಡು ಕಡೆಯೂ ಕಾಣಬಹುದಾದ್ದರಿಂದ ನೀರಿನ ಮೇಲೆ ಕೊಳವೆಗಳಿವೆಯೇ ಎಂಬುದನ್ನು ಮೊದಲು ನೋಡಬೇಕು.

ಇಬ್ಬರು ಗದ್ದೆಯ ಎರಡು ಬದಿಯಲ್ಲಿ ಹಗ್ಗ ಹಿಡಿದು ಪೈರಿನ ಮೇಲೆ ಎಳೆದು ಕೊಳವೆಗಳನ್ನು ನೀರಿಗೆ ಕೆಡಹುವ ಪದ್ಧತಿ ಹಳೆಯದು. ಇದಕ್ಕೆ ಮೊದಲು ನೀರಿಗೆ ಸೀಮೆಎಣ್ಣೆ ಹಾಕುವುದೂ ಉಂಟು. ಅದು ಕೊಳವೆ ಹುಳುವನ್ನು ತಿನ್ನುವ ನೀರುಜೀರುಂಡೆಗಳಿಗೂ ಮಾರಕವಾದ್ದರಿಂದ, ನೀರು ಬಸಿಯಲು ಸಾಧ್ಯವಿರುವಲ್ಲಿ ಅದರ ಅಗತ್ಯವಿಲ್ಲ. ಜೇಡ ಮತ್ತು ಕೊಡತಿ ಹುಳುಗಳು ಪತಂಗವನ್ನು ಹಿಡಿಯುತ್ತವೆ. ಬಸಿದ ನೀರಿನೊಂದಿಗೆ ಕೊಳವೆಗಳು ಕೆಳಗಿನ ಗದ್ದೆಗೆ ತೇಲಿ ಹೋಗುವುದರಿಂದ ಬದುವಿನ ಬಾಯಿಗೆ ಬಲೆ ಕಟ್ಟಿ, ಅಲ್ಲಿ ಕೂಡಿದ ಕೊಳವೆಗಳನ್ನು ತೆಗೆದು ನಾಶಪಡಿಸಬೇಕು.