ಕರ್ನಲ್‌ನಲ್ಲಿ ಮೆಮೊರಿ ನಕಲಿನ ಸುರಕ್ಷಾ ಪರೀಕ್ಷೆಗಳು

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್, ಬಳಕೆದಾರರ ಪ್ರೋಗ್ರಾಮಿನ ಮೆಮೊರಿಗೂ ತನ್ನ ಮೆಮೊರಿಗೂ ನಡುವೆ ದತ್ತಾಂಶವನ್ನು ನಕಲಿಸುವಾಗ, ಪ್ರೋಗ್ರಾಮು ಕೊಟ್ಟ ವಿಳಾಸವನ್ನೂ ನಕಲಿನ ಉದ್ದವನ್ನೂ ನಂಬಬಹುದೇ ಎಂದು ನೋಡುವ ಕ್ರಮಗಳು. ಮಿತಿಮೀರಿದ ನಕಲು ಒಳಬಂದರೆ ಕರ್ನಲ್‌ನ ದತ್ತಾಂಶ ಕೆಡುತ್ತದೆ. ಹೊರಹೋದರೆ ಪಕ್ಕದ ಗುಪ್ತ ಮಾಹಿತಿ ಸೋರುತ್ತದೆ. ಇಲ್ಲಿನ ವಿವರಣೆ ಲಿನಕ್ಸ್ ಕರ್ನಲ್‌ಗೆ ಸಂಬಂಧಿಸಿದ್ದು.

ವಿಳಾಸದ ಪರೀಕ್ಷೆ

ನಕಲಿನ ಕೆಲಸವನ್ನು ‘ಕಾಪಿ_ಫ್ರಮ್_ಯೂಸರ್’, ‘ಕಾಪಿ_ಟು_ಯೂಸರ್’ ಎಂಬ ಫಂಕ್ಷನ್‌ಗಳು ಮಾಡುತ್ತವೆ. ವಿಳಾಸದ ವ್ಯಾಪ್ತಿಯು ಬಳಕೆದಾರರ ಪಾಲಿನ ಮೆಮೊರಿಯೊಳಗೇ ಇದೆಯೇ ಎಂಬುದನ್ನು ಅವು ಮೊದಲು ‘ಆಕ್ಸೆಸ್_ಓಕೆ’ಯಿಂದ ಖಚಿತಪಡಿಸಿಕೊಳ್ಳುತ್ತವೆ, ನಕಲು ನಡುವೆ ನಿಂತರೆ ನಕಲಾಗದೆ ಉಳಿದ ಬೈಟುಗಳ ಸಂಖ್ಯೆಯನ್ನು ಹಿಂದಿರುಗಿಸುತ್ತವೆ.

ಈ ಪರೀಕ್ಷೆ ಬಿಟ್ಟುಹೋದರೆ ಒದಗುವ ಅಪಾಯಕ್ಕೆ 2017ರಲ್ಲಿ ಬಂದ 4.13ನೆಯ ಆವೃತ್ತಿ ಸ್ಪಷ್ಟ ನಿದರ್ಶನ. ‘ವೇಟ್‌ಐಡಿ’ ಎಂಬ ಸಿಸ್ಟಮ್ ಕಾಲ್‌ನ ಸಂಕೇತವನ್ನು ಮಾರ್ಪಡಿಸುವಾಗ ‘ಆಕ್ಸೆಸ್_ಓಕೆ’ ಕೈಬಿಟ್ಟುಹೋಗಿ, ವಿಶೇಷಾಧಿಕಾರವಿಲ್ಲದ ಪ್ರೋಗ್ರಾಮೂ ಕರ್ನಲ್‌ನ ವಿಳಾಸಕ್ಕೆ ಬರೆಯಿಸುವಂತಾಯಿತು. ಪ್ರೊಸೆಸರಿನಲ್ಲಿರುವ ‘ಸ್ಮ್ಯಾಪ್’ ತಡೆಯೂ ಇಲ್ಲಿ ನೆರವಾಗಲಿಲ್ಲ. ಏಕೆಂದರೆ ಅದು ಕರ್ನಲ್ ಅಕಸ್ಮಾತ್ತಾಗಿ ಬಳಕೆದಾರರ ಮೆಮೊರಿಯನ್ನು ಮುಟ್ಟದಂತೆ ನೋಡಿಕೊಳ್ಳುತ್ತದೆಯೇ ಹೊರತು ಕರ್ನಲ್‌ನ ಸ್ವಂತ ವಿಳಾಸಗಳನ್ನು ಕಾಯುವುದಿಲ್ಲ. 2019ರ 5.0ನೆಯ ಆವೃತ್ತಿಯಲ್ಲಿ, ಬಳಕೆದಾರರ ಮೆಮೊರಿಯನ್ನು ನೇರವಾಗಿ ಮುಟ್ಟುವ ಮುನ್ನ ಕರೆಯುವ ‘ಯೂಸರ್_ಆಕ್ಸೆಸ್_ಬಿಗಿನ್’ನ ಒಳಗೇ ‘ಆಕ್ಸೆಸ್_ಓಕೆ’ ಪರೀಕ್ಷೆಯನ್ನು ಸೇರಿಸಿದ್ದರಿಂದ ಅದನ್ನು ಮರೆಯುವ ಸಂಭವ ಬಹುಮಟ್ಟಿಗೆ ತಗ್ಗಿತು.

ಉದ್ದದ ಪರೀಕ್ಷೆ

ವಿಳಾಸ ಸರಿಯಿದ್ದರೂ ಉದ್ದ ತಪ್ಪಿರಬಹುದು ಎಂಬ ಅರಿವು ಪ್ರತ್ಯೇಕ ಕ್ರಮವಾಗಿ ರೂಪುಗೊಂಡದ್ದು ಮುಖ್ಯ ಕರ್ನಲ್‌ನ ಹೊರಗೆ, ಪ್ಯಾಕ್ಸ್ ಯೋಜನೆಯಲ್ಲಿ. ಅದನ್ನು ಆಧರಿಸಿ ಕೀಸ್ ಕುಕ್ ಸಿದ್ಧಪಡಿಸಿದ ‘ಹಾರ್ಡನ್ಡ್ ಯೂಸರ್‌ಕಾಪಿ’ 2016ರ 4.8ನೆಯ ಆವೃತ್ತಿಯಲ್ಲಿ ಮುಖ್ಯ ಕರ್ನಲ್‌ಗೆ ಸೇರಿತು. ನಕಲು ಸ್ಲ್ಯಾಬ್‌ನಿಂದ, ಅಂದರೆ ಒಂದೇ ಅಳತೆಯ ತುಣುಕುಗಳ ಸಂಗ್ರಹದಿಂದ ಪಡೆದ ವಸ್ತುವಿನ ಎಲ್ಲೆ ದಾಟುತ್ತದೆಯೇ, ಸ್ಟ್ಯಾಕ್‌ನ ಹೊರಗೆ ಚಾಚುತ್ತದೆಯೇ, ಕರ್ನಲ್‌ನ ಸಂಕೇತಭಾಗವನ್ನು ಮುಟ್ಟುತ್ತದೆಯೇ ಎಂದು ಇದು ಪರಿಶೀಲಿಸಿ, ದೋಷ ಕಂಡಲ್ಲಿ ನಕಲನ್ನು ತಡೆಯುತ್ತದೆ. 2018ರ 4.16ನೆಯ ಆವೃತ್ತಿಯು ಪರೀಕ್ಷೆಯನ್ನು ಇನ್ನೂ ಬಿಗಿಗೊಳಿಸಿ, ವಸ್ತುವಿನ ಯಾವ ಭಾಗ ನಕಲಿಗೆ ತೆರೆದಿದೆ ಎಂಬುದನ್ನು ಮೊದಲೇ ಗೊತ್ತುಪಡಿಸುವ ಏರ್ಪಾಡನ್ನು ತಂದಿತು. ಉದ್ದವು ಸ್ಥಿರಾಂಕವಾಗಿದ್ದರೆ ಚಾಲನೆಯ ವೇಳೆ ಈ ಪರೀಕ್ಷೆ ನಡೆಯುವುದಿಲ್ಲ. ಆ ಹೊಣೆ ಕಂಪೈಲರಿನದು.

ಮಿತಿಗಳು

ವಸ್ತುವಿನ ಎಲ್ಲೆಯೊಳಗೇ ಇರುವ, ಆದರೆ ಆರಂಭಿಕ ಬೆಲೆ ತುಂಬದ ಬೈಟುಗಳು ಹೊರಗೆ ಸೋರುವುದನ್ನು ಈ ಪರೀಕ್ಷೆಗಳು ಗುರುತಿಸಲಾರವು. ಬಳಕೆದಾರರ ಮೆಮೊರಿಯಿಂದ ಉದ್ದವನ್ನು ಒಮ್ಮೆ ಓದಿ ಪರೀಕ್ಷಿಸಿ, ಬಳಸುವಾಗ ಮತ್ತೊಮ್ಮೆ ಓದಿದರೆ, ನಡುವೆ ಅದು ಬದಲಾಗಿರುವ ಅಪಾಯವೂ ಉಳಿಯುತ್ತದೆ. ಆದ್ದರಿಂದ ಇವನ್ನು ಎಚ್ಚರದ ಬರವಣಿಗೆಗೆ ಪೂರಕವೆಂದು ಮಾತ್ರ ಪರಿಗಣಿಸುವುದು ಯುಕ್ತ.