ಹಳೆ ಆಸ್ಟಿನ್, ಹೊಸ ಓಟ

ಕೈಯಲ್ಲಿ ಕಾಸು ಕಡಿಮೆ. ಆದರೂ ಸೆಕೆಂಡ್ ಹ್ಯಾಂಡ್ ಕಾರೊಂದು ಬೇಕು, ಅದು ತಕ್ಕಮಟ್ಟಿಗೆ ಓಟದ ಕಾರೂ ಆಗಿರಬೇಕು. ಇಂಥ ಆಸೆ ಹೊತ್ತು ಬೆಂಗಳೂರಿನ ಗ್ಯಾರೇಜುಗಳನ್ನು ಸುತ್ತುವವರಿಗೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಉಪದೇಶ ಕಟ್ಟಿಟ್ಟ ಬುತ್ತಿ. ಕೆಲವು ಭಾನುವಾರಗಳು ನನಗೂ ಅದೇ ದೊರೆಯಿತು.

ವಯಸ್ಸಾದ ಮೇಸ್ತ್ರಿಯೊಬ್ಬರು ಮಾತ್ರ ಬೇರೆ ಮಾತು ಹೇಳಿದರು. ‘ಬಣ್ಣ ನೋಡಿ ಮರುಳಾಗಬೇಡಪ್ಪಾ. ಕೆಳಗೆ ಮಲಗಿ ಚಾಸಿ ನೋಡು. ಆಮೇಲೆ ಗಾಡಿ ಎಷ್ಟು ತೂಕ ಅಂತ ಕೇಳು.’ ಹೀಗೆಂದವರೇ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಎರಡು ಬಾಗಿಲಿನ ಪುಟ್ಟ ಕಾರೊಂದನ್ನು ತೋರಿಸಿದರು. ಅದು 1980ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾದ ಡಾಲ್ಫಿನ್. ಬೆರಳಿನಿಂದ ತಟ್ಟಿದರೆ ತಗಡಿನ ಸದ್ದಿಲ್ಲ. ಮೈಯೆಲ್ಲ ಫೈಬರ್ ಗ್ಲಾಸ್. ಮಾರುವುದಕ್ಕಲ್ಲ ಎಂದು ಮೊದಲೇ ಹೇಳಿಬಿಟ್ಟರು.

ಆ ಕಾರಿನ ವಂಶಾವಳಿಯನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಇಂಗ್ಲೆಂಡಿನ ಸಿರಿವಂತರೊಬ್ಬರ ಬಿಲಿಯರ್ಡ್ಸ್ ಕೋಣೆಯನ್ನು. ಕಾಸಿಲ್ಲದ ಹುಡುಗರು ಹಳೆ ಕಾರು ಕೊಂಡು ರೇಸಿನ ಚರಿತ್ರೆಯನ್ನೇ ಬದಲಾಯಿಸಿದ ಕತೆ ಅಲ್ಲಿಂದ ಆರಂಭವಾಗುತ್ತದೆ.

ಬಿಲಿಯರ್ಡ್ಸ್ ಕೋಣೆಯ ಕೂಸು

ಮೊದಲ ಮಹಾಯುದ್ಧದ ನಂತರ ಹರ್ಬರ್ಟ್ ಆಸ್ಟಿನ್ ಅವರ ಕಂಪೆನಿ ನಷ್ಟದಲ್ಲಿತ್ತು. ಸೈಡ್‌ಕಾರ್ ಕಟ್ಟಿದ ಮೋಟಾರ್ ಸೈಕಲ್ಲಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ನೆನೆಯುವ ಸಂಸಾರಸ್ಥನಿಗೆ ಒಂದು ನಿಜವಾದ ಕಾರು ಕೊಡಬೇಕೆಂಬುದು ಅವರ ಯೋಜನೆ. ಕಂಪೆನಿಯ ಆಡಳಿತ ಮಂಡಳಿ ಒಪ್ಪಲಿಲ್ಲ. ಆಸ್ಟಿನ್ ಹಟ ಬಿಡದೆ, ಸ್ಟ್ಯಾನ್ಲಿ ಎಡ್ಜ್ ಎಂಬ 18 ವರ್ಷದ ನಕ್ಷೆಗಾರನನ್ನು ತಮ್ಮ ಮನೆಗೇ ಕರೆಸಿಕೊಂಡರು. ಬಿಲಿಯರ್ಡ್ಸ್ ಕೋಣೆಯಲ್ಲಿ ಕುಳಿತು ಇಬ್ಬರೂ ಕಾರಿನ ನಕ್ಷೆ ಬರೆದರು.

1922ರಲ್ಲಿ ಹೊರಬಂದ ಈ ‘ಆಸ್ಟಿನ್ ಸೆವೆನ್’ ಕಾರಿನ ಬೆಲೆ 165 ಪೌಂಡ್. ತೂಕ ಸುಮಾರು 360 ಕಿಲೊ. ಎಂಜಿನ್ ಮೊದಲು 696 ಸಿಸಿ, ಬಹುಬೇಗ 747 ಸಿಸಿ. ಶಕ್ತಿ ಸುಮಾರು ಹತ್ತು ಅಶ್ವಶಕ್ತಿ. ಚಾಸಿಯೆಂದರೆ ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ ಚೌಕಟ್ಟು, ಅಷ್ಟೆ. ನಾಲ್ಕೂ ಚಕ್ರಗಳಿಗೆ ಬ್ರೇಕ್ ಇತ್ತು. ಆದರೆ 1930ರವರೆಗೆ ಹಿಂದಿನ ಚಕ್ರಗಳ ಬ್ರೇಕಿಗೆ ಕಾಲು, ಮುಂದಿನವಕ್ಕೆ ಕೈ ಬಳಸಬೇಕಿತ್ತು!

1939ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು 2 ಲಕ್ಷ 90 ಸಾವಿರ ಸೆವೆನ್‌ಗಳು ರಸ್ತೆಗಿಳಿದಿದ್ದವು. ಜರ್ಮನಿಯ ಬಿಎಂಡಬ್ಲ್ಯು ಕಂಪೆನಿಯ ಮೊದಲ ಕಾರು ಕೂಡ ಪರವಾನಗಿ ಪಡೆದು ತಯಾರಿಸಿದ ಆಸ್ಟಿನ್ ಸೆವೆನ್ನೇ. 1930ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ 500 ಮೈಲಿ ಸ್ಪರ್ಧೆಯನ್ನು ಗೆದ್ದದ್ದು ಇದರ ‘ಅಲ್‌ಸ್ಟರ್’ ಮಾದರಿ. ಸರಾಸರಿ ವೇಗ ಗಂಟೆಗೆ 83 ಮೈಲಿ. ಸಂಸಾರದ ಕಾರಿನೊಳಗೆ ಓಟದ ಕಾರೊಂದು ಅಡಗಿದೆ ಎಂಬುದು ಅಂದೇ ಜಗಜ್ಜಾಹೀರಾಯಿತು.

ಹೊಸ ಕಾರಿಗಿಂತ ಹಳೆಯದೇ ದುಬಾರಿ

ಎರಡನೇ ಮಹಾಯುದ್ಧ 1945ರಲ್ಲಿ ಮುಗಿದಾಗ ಬ್ರಿಟನ್ ಗೆದ್ದಿತ್ತು, ಬೊಕ್ಕಸ ಬರಿದಾಗಿತ್ತು. ತಯಾರಾದ ಕಾರುಗಳಲ್ಲಿ ಹೆಚ್ಚಿನವು ಡಾಲರ್ ತರಲೆಂದು ವಿದೇಶಕ್ಕೆ ಹೋಗುತ್ತಿದ್ದವು. ಸ್ವದೇಶದ ಗಿರಾಕಿಗೆ ಉಳಿದದ್ದು ಖರೀದಿ ತೆರಿಗೆ ಮತ್ತು ವರ್ಷಗಟ್ಟಲೆ ಕಾಯುವ ಪಟ್ಟಿ. ಹೊಸ ಕಾರು ಸಿಕ್ಕವನು ಅದನ್ನು ಕೂಡಲೇ ಮಾರಿ ಲಾಭ ಮಾಡಿಕೊಳ್ಳದಂತೆ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಅಷ್ಟಾದರೂ ಕೈ ಬದಲಾದ ಕಾರು ಹೊಸದಕ್ಕಿಂತ ಹೆಚ್ಚು ಬೆಲೆಗೆ ಹೋಗುತ್ತಿತ್ತು. ಫಿಯೆಟ್ ಬುಕ್ ಮಾಡಿ ವರ್ಷಗಟ್ಟಲೆ ಕಾದ ನಮ್ಮ ಹಿರಿಯರಿಗೆ ಈ ಚಿತ್ರ ಹೊಸದೇನಲ್ಲ.

ಹಾಗಾದರೆ ಕಾಲೇಜು ಹುಡುಗನಿಗೆ, ಕಾರ್ಖಾನೆಯ ಫಿಟ್ಟರನಿಗೆ ಗತಿಯೇನು? ಉತ್ತರ, ಹದಿನೈದು ಇಪ್ಪತ್ತು ವರ್ಷ ಹಳೆಯ ಆಸ್ಟಿನ್ ಸೆವೆನ್. ಅದು ಊರೂರಿನಲ್ಲೂ ಸಿಗುತ್ತಿತ್ತು. ಬಿಡಿಭಾಗಗಳು ಗುಜರಿಯಲ್ಲಿ ಬಿದ್ದಿರುತ್ತಿದ್ದವು. ಸಾಮಾನ್ಯ ಕೊಳ್ಳುಗ ಮೊದಲು ನೋಡುವುದು ಬಾಡಿಯನ್ನು. ಸೆವೆನ್‌ನ ಅನೇಕ ಮಾದರಿಗಳಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಅಥವಾ ತಗಡು ಹೊದಿಸಿದ ಬಾಡಿ ಇತ್ತು. ಇಂಗ್ಲೆಂಡಿನ ಮಳೆಗೆ ಮರ ಕೊಳೆತಿತ್ತು, ತಗಡು ತುಕ್ಕು ಹಿಡಿದಿತ್ತು. ಆದ್ದರಿಂದಲೇ ಬೆಲೆ ಪಾತಾಳಕ್ಕಿಳಿದಿತ್ತು.

ಓಟದ ಹುಚ್ಚಿನ ಹುಡುಗನಿಗೆ ಇದು ವರವಾಯಿತು. ಅವನು ಹೇಗಿದ್ದರೂ ಬಾಡಿ ಕಿತ್ತೆಸೆಯುವವನೇ. ಅವನು ನೋಡುತ್ತಿದ್ದುದು ಚಾಸಿ ನೆಟ್ಟಗಿದೆಯೇ, ಕ್ರ್ಯಾಂಕ್ ಶಾಫ್ಟ್ ಬಿರುಕು ಬಿಟ್ಟಿದೆಯೇ, ಗೇರ್‌ಬಾಕ್ಸ್ ಸದ್ದು ಮಾಡುತ್ತದೆಯೇ ಎಂಬುದನ್ನು. ಮಿಕ್ಕವರು ಬೇಡವೆಂದ ಮಾಲಿನಲ್ಲಿ ಅವನಿಗೆ ಬೇಕಾದದ್ದೆಲ್ಲ ಇತ್ತು. ಹೀಗೆ ಬಾಡಿ ಕಳಚಿ, ಹಗುರವಾದ ಹೊಸ ಮೈ ತೊಡಿಸಿದ ಕಾರುಗಳಿಗೆ ‘ಸ್ಪೆಷಲ್’ ಎಂಬ ಹೆಸರು ಬಂತು.

ತೂಕದ ಲೆಕ್ಕ

ಇದರ ಹಿಂದಿನ ವಿಜ್ಞಾನ ಸರಳವಾದದ್ದು. ಹತ್ತು ಅಶ್ವಶಕ್ತಿಯ ಎಂಜಿನ್ 400 ಕಿಲೊ ಎಳೆಯುತ್ತಿದೆ ಎಂದುಕೊಳ್ಳೋಣ. ಒಂದು ಅಶ್ವಶಕ್ತಿಯ ಪಾಲಿಗೆ 40 ಕಿಲೊ. ನೂರು ಕಿಲೊ ಇಳಿಸಿದರೆ ಆ ಪಾಲು 30 ಕಿಲೊಗೆ ಇಳಿಯುತ್ತದೆ. ತೂಕ ಇಳಿಸದೆ ಇದೇ ಫಲ ಪಡೆಯಬೇಕಾದರೆ ಎಂಜಿನ್‌ನ ಶಕ್ತಿಯನ್ನು ಹದಿಮೂರು ಅಶ್ವಶಕ್ತಿಗೂ ಮೇಲೆ ಏರಿಸಬೇಕು. ಶಕ್ತಿ ಏರಿಸುವುದಕ್ಕೆ ಹಣ ಬೇಕು. ತೂಕ ಇಳಿಸುವುದಕ್ಕೆ ಸ್ಪ್ಯಾನರು, ಗರಗಸ ಸಾಕು.

ಲಾಭ ಅಷ್ಟಕ್ಕೇ ಮುಗಿಯುವುದಿಲ್ಲ. ಎಂಜಿನ್ ಎಷ್ಟೇ ಬಲಿಷ್ಠವಾದರೂ ತಿರುವಿನಲ್ಲಿ ಕಾರು ಚುರುಕಾಗದು, ಬ್ರೇಕ್ ಬೇಗ ಹಿಡಿಯದು. ತೂಕ ಇಳಿದರೆ ಇವೆರಡೂ ಸುಧಾರಿಸುತ್ತವೆ, ಟೈರು ಪೆಟ್ರೋಲುಗಳೂ ಉಳಿಯುತ್ತವೆ. ಬಡತನ ಕಲಿಸಿದ ಈ ಪಾಠವನ್ನು ಶಾಸ್ತ್ರವಾಗಿ ಬೆಳೆಸಿದವರು ಕಾಲಿನ್ ಚಾಪ್‌ಮನ್.

ಮಾರಾಟವಾಗದೆ ಉಳಿದ ಕಾರು

1928ರಲ್ಲಿ ಹುಟ್ಟಿದ ಚಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಓದಿನ ಜೊತೆಗೆ ಗೆಳೆಯನೊಂದಿಗೆ ಸೇರಿ ಹಳೆ ಕಾರುಗಳ ವ್ಯಾಪಾರ ನಡೆಸುತ್ತಿದ್ದರು. 1947ರ ಕೊನೆಯ ತಿಂಗಳುಗಳಲ್ಲಿ ಸರ್ಕಾರ ಖಾಸಗಿ ಕಾರುಗಳ ಮೂಲ ಪೆಟ್ರೋಲ್ ಪಡಿತರವನ್ನೇ ರದ್ದುಮಾಡಿತು. ಪೆಟ್ರೋಲಿಲ್ಲದ ಮೇಲೆ ಕಾರು ಯಾರಿಗೆ ಬೇಕು? ಸಿಕ್ಕಿದ ಬೆಲೆಗೆ ಎಲ್ಲವನ್ನೂ ಮಾರಿದರು. ಹಳೆ ಆಸ್ಟಿನ್ ಸೆವೆನ್ ಒಂದು ಮಾತ್ರ ಉಳಿದುಬಿಟ್ಟಿತು.

ಮುಂದೆ ಮಡದಿಯಾದ ಹೇಜಲ್ ವಿಲಿಯಮ್ಸ್ ಅವರ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಚಾಪ್‌ಮನ್ ಆ ಕಾರಿನ ಬಾಡಿ ಕಿತ್ತುಹಾಕಿದರು. ಸೇತುವೆ, ಕಟ್ಟಡಗಳ ಬಲಾಬಲ ಲೆಕ್ಕ ಹಾಕಲು ಕಲಿತಿದ್ದನ್ನು ಕಾರಿಗೆ ಹಚ್ಚಿದರು. ಲೋಹದ ಹಾಳೆ ಅಂಟಿಸಿದ ಪ್ಲೈವುಡ್‌ನಿಂದ, ವಿಮಾನದ ಮೈಯಂತೆ ತಾನೇ ಭಾರ ಹೊರುವ ಹಗುರವಾದ ಬಾಡಿ ಕಟ್ಟಿದರು. ಕೆಸರು ಗುಡ್ಡ ಹತ್ತುವ ‘ಟ್ರಯಲ್ಸ್’ ಸ್ಪರ್ಧೆಗಳಿಗೆ ಸಿದ್ಧವಾದ ಆ ಕಾರಿಗೆ 1948ರಲ್ಲಿ ಇಟ್ಟ ಹೆಸರು ಲೋಟಸ್.

ಅಷ್ಟರಲ್ಲಿ ಇಂಥ ಹುಡುಗರಿಗಾಗಿ ಒಂದು ವೇದಿಕೆಯೂ ಸಿದ್ಧವಾಗುತ್ತಿತ್ತು. 1939ರಲ್ಲಿ ಸ್ಥಾಪನೆಯಾದ ‘750 ಮೋಟಾರ್ ಕ್ಲಬ್’ ಯುದ್ಧದ ನಂತರ ಆಸ್ಟಿನ್ ಸೆವೆನ್ ಭಾಗಗಳಿಂದ ಕಟ್ಟಿದ ಕಾರುಗಳಿಗಾಗಿಯೇ ಪ್ರತ್ಯೇಕ ರೇಸುಗಳನ್ನು ಆರಂಭಿಸಿತು. ಎಲ್ಲರದ್ದೂ ಅದೇ ಚಾಸಿ, ಅದೇ ಎಂಜಿನ್; ಗೆಲ್ಲಬೇಕಾದರೆ ತಲೆ ಓಡಿಸಬೇಕು.

ಚಾಪ್‌ಮನ್ ಓಡಿಸಿದರು. ಸೆವೆನ್ ಎಂಜಿನ್‌ನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಹೋಗಲು ಎರಡೆರಡು ಸಿಲಿಂಡರುಗಳಿಗೆ ಒಂದೊಂದೇ ದಾರಿ. ಅವೆರಡೂ ಪರಸ್ಪರ ಉಸಿರು ಕಸಿದುಕೊಳ್ಳುತ್ತಿದ್ದವು. ಚಾಪ್‌ಮನ್ ದಾರಿಯ ನಡುವೆ ಅಡ್ಡಗೋಡೆ ಇಟ್ಟು ನಾಲ್ಕು ಸಿಲಿಂಡರಿಗೂ ಬೇರೆಬೇರೆ ಉಸಿರು ಕೊಟ್ಟರು. 1951ರ ರೇಸುಗಳಲ್ಲಿ ಅವರ ಮೂರನೇ ಲೋಟಸ್ಸನ್ನು ಹಿಡಿಯುವವರೇ ಇರಲಿಲ್ಲ. ಕೊನೆಗೆ ಕ್ಲಬ್ಬು ನಿಯಮ ತಿದ್ದಿ ಆ ಉಪಾಯವನ್ನೇ ನಿಷೇಧಿಸಬೇಕಾಯಿತು. 1952ರಲ್ಲಿ ಹೇಜಲ್ ಅವರಿಂದ 25 ಪೌಂಡ್ ಸಾಲ ಪಡೆದು ಕಂಪೆನಿ ತೆರೆದ ಚಾಪ್‌ಮನ್, 1982ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಲೋಟಸ್ ಏಳು ಸಲ ಫಾರ್ಮುಲಾ ಒನ್ ತಯಾರಕರ ಪ್ರಶಸ್ತಿ ಗಳಿಸಿತ್ತು.

ಪೆಟ್ಟಿಗೆಯಲ್ಲಿ ಬಂದ ಕಾರು

ಇದೇ ಕಾಲದಲ್ಲಿ ಭೂಗೋಳದ ಇನ್ನೊಂದು ತುದಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಗ್ಯಾರೇಜು ನಡೆಸುತ್ತಿದ್ದ ಲೆಸ್ ಮೆಕ್‌ಲಾರೆನ್ 110 ಪೌಂಡ್ ಕೊಟ್ಟು ಹಳೆಯ ಆಸ್ಟಿನ್ ಅಲ್‌ಸ್ಟರ್ ಒಂದನ್ನು ಕೊಂಡರು. ಬಂದದ್ದು ಕಾರಲ್ಲ, ಪೆಟ್ಟಿಗೆಗಟ್ಟಲೆ ಬಿಡಿಭಾಗಗಳು. ಜೋಡಿಸಿ ಓಡಿಸಿ ನೋಡಿದ ತಂದೆ ಹೆದರಿ, ಮಾರಿಬಿಡೋಣ ಎಂದರು. ಮಗ ಬ್ರೂಸ್ ಬಿಡಲಿಲ್ಲ.

ಬಾಲ್ಯದಲ್ಲಿ ಸೊಂಟದ ಮೂಳೆಯ ಕಾಯಿಲೆಯಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ, ಒಂದು ಕಾಲು ಗಿಡ್ಡವಾಗಿ ಉಳಿದಿದ್ದ ಹುಡುಗ ಬ್ರೂಸ್. ಹದಿನೈದರ ಹೊತ್ತಿಗೆ ಅದೇ ಕಾರಿನಲ್ಲಿ ಗುಡ್ಡ ಹತ್ತುವ ಸ್ಪರ್ಧೆಗಿಳಿದ. 1959ರಲ್ಲಿ, 22ನೇ ವಯಸ್ಸಿನಲ್ಲಿ, ಅಮೆರಿಕದ ಗ್ರ್ಯಾನ್ ಪ್ರಿ ಗೆದ್ದು ಆವರೆಗಿನ ಅತಿ ಕಿರಿಯ ವಿಜೇತ ಎನಿಸಿಕೊಂಡ. 1963ರಲ್ಲಿ ಆತ ಕಟ್ಟಿದ ತಂಡವೇ ಇಂದಿನ ಮೆಕ್‌ಲಾರೆನ್. ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ 1970ರಲ್ಲಿ ಆತ ಅಪಘಾತದಲ್ಲಿ ಮಡಿದರೂ ತಂಡ ಉಳಿಯಿತು. ಜಗತ್ತಿನ ಎರಡು ಮಹಾನ್ ರೇಸ್ ತಂಡಗಳ ಬೇರು ಒಂದೇ ಗುಜರಿ ಕಾರಿನಲ್ಲಿತ್ತು ಎಂದರೆ ಅತಿಶಯೋಕ್ತಿಯಲ್ಲ.

1950ರ ದಶಕದ ಕೊನೆಯಲ್ಲಿ ಈ ಅಧ್ಯಾಯ ಮುಗಿಯತೊಡಗಿತು. 1959ರಲ್ಲಿ ಬಂದ ‘ಮಿನಿ’, ಬಿಚ್ಚಿ ಕಟ್ಟುವ ಗೋಜಿಲ್ಲದೆಯೇ ಚುರುಕಾಗಿ ಓಡುತ್ತಿತ್ತು. 1960ರಲ್ಲಿ ಬ್ರಿಟನ್ ಹಳೆ ಕಾರುಗಳಿಗೆ ಕಡ್ಡಾಯ ತಪಾಸಣೆ ತಂದಿತು. ಎಷ್ಟೋ ಸ್ಪೆಷಲ್‌ಗಳ ಬ್ರೇಕು, ಸ್ಟೇರಿಂಗು ನಂಬುವಂತಿರಲಿಲ್ಲ ಎಂಬುದೂ ಸತ್ಯ. ಅನೇಕ ಸೆವೆನ್‌ಗಳು ಗುಜರಿಗೇ ಮರಳಿದವು.

ಬೆಂಗಳೂರಿಗೆ ಬಂದ ಮೊಮ್ಮಗ

ಆದರೆ ವಂಶ ಅಳಿಯಲಿಲ್ಲ. ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಎಂಬ ಕಂಪೆನಿ 1930ರ ದಶಕದ ಕೊನೆಯಿಂದ ತನ್ನ ಮೂರು ಚಕ್ರದ ಗಾಡಿಗಳಿಗೆ ಆಸ್ಟಿನ್ ಸೆವೆನ್ ಎಂಜಿನ್ ಬಳಸುತ್ತಿತ್ತು. ಆಸ್ಟಿನ್ ಅದರ ತಯಾರಿಕೆ ನಿಲ್ಲಿಸಿದಾಗ ರಿಲಯಂಟ್ ಅದೇ ಬಗೆಯ 747 ಸಿಸಿ ಎಂಜಿನ್ ತಾನೇ ತಯಾರಿಸತೊಡಗಿತು. 1960ರ ದಶಕದ ಆರಂಭದಲ್ಲಿ ಅದರ ಜಾಗಕ್ಕೆ ಹಗುರವಾದ ಅಲ್ಯುಮಿನಿಯಂ ಎಂಜಿನ್ ಬಂತು. ಅದು ಬೆಳೆದು 848 ಸಿಸಿ ಆಗಿ, 1975ರಲ್ಲಿ ‘ಕಿಟನ್’ ಎಂಬ ಫೈಬರ್ ಗ್ಲಾಸ್ ಕಾರಿಗೆ ಏರಿತು. ಮುಂದೆ 750 ಕ್ಲಬ್ಬಿನ ರೇಸುಗಳಲ್ಲೂ ಆಸ್ಟಿನ್ ಎಂಜಿನ್‌ನ ಸ್ಥಾನಕ್ಕೆ ಬಂದದ್ದು ಈ ರಿಲಯಂಟ್ ಎಂಜಿನ್ನೇ.

ಆ ಕಿಟನ್ ಕಾರನ್ನೇ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1980ರ ದಶಕದ ಆರಂಭದಲ್ಲಿ ‘ಡಾಲ್ಫಿನ್’ ಹೆಸರಿನಲ್ಲಿ ತಯಾರಿಸಿತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಹಗುರ ಕಾರು ರ‍್ಯಾಲಿಪ್ರಿಯರ ಕಣ್ಣಿಗೆ ಬಿದ್ದದ್ದು ಸಹಜವೇ. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಡಾಲ್ಫಿನ್ ಹಿಂದೆ ಬಿತ್ತು. ಆ ಮಾರುತಿಯೊಳಗೂ ಓಟದ ಕಾರು ಅಡಗಿತ್ತೆಂಬುದನ್ನು ತೋರಿಸಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ಅದರ ಎಂಜಿನ್ ಬಳಸಿ ಅವರು ಒಂದೇ ಸೀಟಿನ ‘ಫಾರ್ಮುಲಾ ಮಾರುತಿ’ ರೇಸ್ ಕಾರುಗಳನ್ನು ರೂಪಿಸಿದರು. ಅಂಥ ಕಾರಿನಲ್ಲಿ ಪಳಗಿದ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗಿಳಿದ ಮೊದಲ ಭಾರತೀಯರಾದರು.

ಬಾಗಿಲು ಮುಚ್ಚಿತೇ?

ಇಂದು ಚಾಪ್‌ಮನ್‌ನಂಥ ಹುಡುಗನೊಬ್ಬ ನಮ್ಮಲ್ಲಿ ಹಳೆ ಕಾರು ಕೊಂಡು ಬಾಡಿ ಬಿಚ್ಚಿದರೆ ಏನಾಗುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ರಸ್ತೆಯಲ್ಲಿ ಓಡಾಡುವ ಇತರರ ಪ್ರಾಣದ ದೃಷ್ಟಿಯಿಂದ ಇದು ಸರಿಯೇ. ಆದರೆ ಬಿಚ್ಚಿ, ಕಟ್ಟಿ, ಕೆಡಿಸಿ ಕಲಿಯುವ ಹುಡುಗನಿಗೆ ರಸ್ತೆಯಿಂದಾಚೆ ಒಂದು ಅಂಗಳವಾದರೂ ಬೇಡವೇ? ಬ್ರಿಟನ್ನಿನಲ್ಲಿ ಆ ಅಂಗಳವನ್ನು ಒದಗಿಸಿದ್ದು ಸರ್ಕಾರವಲ್ಲ, ಕಾರು ಕಂಪೆನಿಯೂ ಅಲ್ಲ. ಕಾಸಿಲ್ಲದವರು ಸೇರಿ ಕಟ್ಟಿಕೊಂಡ ಒಂದು ಕ್ಲಬ್ಬು.

ನಾನು ಇನ್ನೂ ಕಾರು ಕೊಂಡಿಲ್ಲ. ನೋಡುವ ಕ್ರಮ ಮಾತ್ರ ಬದಲಾಗಿದೆ. ಈಗ ಮೊದಲು ನೋಂದಣಿ ಪತ್ರದಲ್ಲಿ ವರ್ಷ ನೋಡುತ್ತೇನೆ. ಹದಿನೈದು ತುಂಬಿದ ಕಾರಿಗೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು, ಅದಕ್ಕೂ ಹಣ ಎತ್ತಿಡಬೇಕು. ಆಮೇಲೆ ಒಂದು ಹಳೆ ಗೋಣಿಚೀಲ ಹಾಸಿ, ಕಾರಿನ ಕೆಳಗೆ ಮಲಗಿ, ಟಾರ್ಚು ಬಿಡುತ್ತೇನೆ. ಮಾರುವವರು ಮೇಲಿನಿಂದ ಬಣ್ಣ, ಸೀಟು, ಸ್ಟೀರಿಯೊ ಎಂದು ವರ್ಣಿಸುತ್ತಲೇ ಇರುತ್ತಾರೆ. ‘ತೂಕ ಎಷ್ಟು?’ ಎಂಬ ಪ್ರಶ್ನೆಗೆ ಇದುವರೆಗೆ ಒಬ್ಬರಿಂದಲೂ ಉತ್ತರ ಬಂದಿಲ್ಲ.