ಬ್ರಿಟಿಷ್ ವರ್ಜಿನ್ ದ್ವೀಪಗಳ ಸ್ಮಾರಕ ನಾಣ್ಯಗಳು

ಬ್ರಿಟಿಷ್ ವರ್ಜಿನ್ ದ್ವೀಪಗಳ ಸ್ಮಾರಕ ನಾಣ್ಯಗಳು ಕೆರಿಬಿಯನ್ ಸಮುದ್ರದಲ್ಲಿರುವ ಬ್ರಿಟನ್ನಿನ ಒಂದು ಸಾಗರೋತ್ತರ ಪ್ರದೇಶದ ಹೆಸರಿನಲ್ಲಿ ಹೊರಡಿಸಲಾದ ನಾಣ್ಯಗಳು. ಟೋರ್ಟೋಲಾ, ವರ್ಜಿನ್ ಗೋರ್ಡಾ, ಅನೆಗಾಡಾ ಮತ್ತು ಯೋಸ್ಟ್ ವಾನ್ ಡೈಕ್ ಇಲ್ಲಿನ ಮುಖ್ಯ ದ್ವೀಪಗಳು. ರಾಜಧಾನಿ ರೋಡ್ ಟೌನ್. ಇಲ್ಲಿನ ದಿನನಿತ್ಯದ ವ್ಯವಹಾರ ನಡೆಯುವುದು ಅಮೆರಿಕದ ಡಾಲರಿನಲ್ಲಿ. ಆದ್ದರಿಂದ ಈ ನಾಣ್ಯಗಳು ಅಂಗಡಿಯ ಗಲ್ಲಾಪೆಟ್ಟಿಗೆಗಿಂತ ಸಂಗ್ರಾಹಕರ ಪೆಟ್ಟಿಗೆಯಲ್ಲೇ ಹೆಚ್ಚಾಗಿ ಕಾಣಸಿಗುತ್ತವೆ.

ಹಿನ್ನೆಲೆ

ನೆರೆಯ ಅಮೆರಿಕದ ವರ್ಜಿನ್ ದ್ವೀಪಗಳೊಡನೆ ನಿಕಟವಾದ ವ್ಯಾಪಾರ ಸಂಬಂಧವಿದ್ದುದರಿಂದ 1959ರಲ್ಲಿ ಅಮೆರಿಕದ ಡಾಲರ್ ಇಲ್ಲಿನ ಅಧಿಕೃತ ಹಣವಾಯಿತು. ದ್ವೀಪಗಳ ಸ್ವಂತ ಹೆಸರನ್ನು ಹೊತ್ತ ನಾಣ್ಯಗಳು ಬಂದದ್ದು 1973ರಲ್ಲಿ. ಅವುಗಳ ಮುಖಬೆಲೆಯನ್ನೂ ಡಾಲರ್ ಮತ್ತು ಸೆಂಟುಗಳಲ್ಲಿಯೇ ನಮೂದಿಸಲಾಯಿತು.

ಪ್ರಮುಖ ಸರಣಿಗಳು

ಅಮೆರಿಕದ ಖಾಸಗಿ ಟಂಕಸಾಲೆಯಾದ ಫ್ರಾಂಕ್ಲಿನ್ ಮಿಂಟ್ ಮೊದಲ ಸರಣಿಯನ್ನು ಟಂಕಿಸಿತು. ಒಂದು ಬದಿಯಲ್ಲಿ ರಾಣಿ ಎರಡನೆಯ ಎಲಿಜಬೆತ್ ಅವರ ಭಾವಚಿತ್ರ, ಇನ್ನೊಂದು ಬದಿಯಲ್ಲಿ ದ್ವೀಪಗಳ ಪಕ್ಷಿಗಳು. ಒಂದು ಸೆಂಟಿನ ಮೇಲೆ ಹಮ್ಮಿಂಗ್‌ಬರ್ಡ್, 10 ಸೆಂಟಿನ ಮೇಲೆ ಮಿಂಚುಳ್ಳಿ, 50 ಸೆಂಟಿನ ಮೇಲೆ ಕಂದು ಹೆಜ್ಜಾರ್ಲೆ, ಒಂದು ಡಾಲರಿನ ಮೇಲೆ ಫ್ರಿಗೇಟ್ ಹಕ್ಕಿ ಇವೆ.

1985ರಲ್ಲಿ ಕೆರಿಬಿಯನ್ ಕಡಲಿನಲ್ಲಿ ಮುಳುಗಿದ ಹಡಗುಗಳ ನಿಧಿಯನ್ನು ವಿಷಯವಾಗಿಸಿಕೊಂಡ 20 ಡಾಲರ್ ಮುಖಬೆಲೆಯ 25 ಬೆಳ್ಳಿ ನಾಣ್ಯಗಳ ಮಾಲಿಕೆ ಹೊರಬಂದಿತು. ಇಪ್ಪತ್ತೊಂದನೆಯ ಶತಮಾನದಲ್ಲಿ ಇಂಗ್ಲೆಂಡಿನ ಪೊಬ್‌ಜಾಯ್ ಮಿಂಟ್ ಈ ದ್ವೀಪಗಳಿಗಾಗಿ ಅನೇಕ ನಾಣ್ಯಗಳನ್ನು ತಯಾರಿಸಿತು. ಅವುಗಳಲ್ಲಿ ರಾಜಮನೆತನದ ಉತ್ಸವಗಳು ಮತ್ತು ಐತಿಹಾಸಿಕ ಘಟನೆಗಳ ಸ್ಮರಣೆ ಪ್ರಧಾನವಾಗಿದೆ. ಆ ಸಂಸ್ಥೆ 2023ರಲ್ಲಿ ತನ್ನ ಕಾರ್ಯವನ್ನು ನಿಲ್ಲಿಸಿತು.

ಮುಖಬೆಲೆ ಮತ್ತು ನಿಜಬೆಲೆ

ಸ್ಮಾರಕ ನಾಣ್ಯಗಳ ವಿಷಯದಲ್ಲಿ ಮೂರು ಬೆಲೆಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು: ನಾಣ್ಯದ ಮೇಲೆ ಮುದ್ರಿತವಾದ ಮುಖಬೆಲೆ, ಅದರಲ್ಲಿರುವ ಲೋಹದ ಬೆಲೆ, ಸಂಗ್ರಾಹಕರು ಕೊಡಲು ಒಪ್ಪುವ ಬೆಲೆ. ಬೆಳ್ಳಿ ಅಥವಾ ಚಿನ್ನದ ನಾಣ್ಯದ ಲೋಹವೇ ಮುಖಬೆಲೆಗಿಂತ ಹೆಚ್ಚು ಬಾಳಬಹುದು. ಆದರೆ ತಾಮ್ರ-ನಿಕ್ಕಲ್ ನಾಣ್ಯವನ್ನು ದುಬಾರಿ ಬೆಲೆಗೆ ಕೊಂಡವರಿಗೆ ಮರುಮಾರಾಟದಲ್ಲಿ ಅಷ್ಟೇ ಹಣ ಮರಳುವ ಖಾತರಿಯಿಲ್ಲ. ಕನ್ನಡಿಯಂತೆ ಹೊಳೆಯುವ ‘ಪ್ರೂಫ್’ ನಾಣ್ಯಗಳನ್ನು ಉಜ್ಜಿ ತೊಳೆದರೆ ಮೇಲ್ಮೈಯಲ್ಲಿ ಗೀರುಗಳು ಬಿದ್ದು ಬೆಲೆ ಕುಗ್ಗುತ್ತದೆ.

ಮಹತ್ವ

ಚಲಾವಣೆಯಲ್ಲಿ ವಿರಳವಾಗಿದ್ದರೂ, ಪರದೇಶದ ಹಣವನ್ನು ಬಳಸುವ ಪುಟ್ಟ ನಾಡೊಂದು ತನ್ನ ಹೆಸರನ್ನೂ ಹಕ್ಕಿಗಳನ್ನೂ ಕಡಲಿನ ಕಥೆಯನ್ನೂ ಲೋಹದಲ್ಲಿ ದಾಖಲಿಸಿದ ಕುರುಹುಗಳಾಗಿ ಈ ನಾಣ್ಯಗಳು ನಾಣ್ಯಶಾಸ್ತ್ರದ ಅಭ್ಯಾಸಿಗಳಿಗೆ ಉಪಯುಕ್ತವಾಗಿವೆ.